ಪಕ್ಕಕ್ಕೆ ಕರೆಸಿಕೊಂಡವರು

ಕಚೇರಿಯಲ್ಲಿ ಎಲ್ಲರೂ ಆಕೆಯನ್ನು ಪದದಮ್ಮ ಎಂದೇ ಕರೆಯುತ್ತಿದ್ದರು. ಬೈಬಲಿನ ಹೊಸ ಒಡಂಬಡಿಕೆಯನ್ನು ಗ್ರೀಕಿನಿಂದ ಅನುವಾದಿಸುವ ಮಂಡಳಿಯಲ್ಲಿ ಆಕೆಯದೇ ಕೊನೆಯ ಮಾತು. ಈಚೆಗೆ ‘ಪರಾಕ್ಲೇತೋಸ್’ ಎಂಬ ಒಂದೇ ಪದಕ್ಕೆ ಜೋತುಬಿದ್ದಿದ್ದಳು. ತಾನು ಹೋದ ಮೇಲೆ ನಿಮ್ಮ ಜೊತೆಗಿರಲು ಒಬ್ಬ ಬರುತ್ತಾನೆ ಎಂದು ಯೇಸು ಶಿಷ್ಯರಿಗೆ ಮಾತು ಕೊಟ್ಟಿದ್ದ; ಹಾಗೆ ಬರುವವನ ಹೆಸರು ಅದು. ಸಂತೈಸುವವನೋ, ಸಹಾಯಕನೋ, ವಕೀಲನೋ? ಬೇರು ಕೆದಕಿದರೆ ಸಿಗುವುದು ‘ಪಕ್ಕಕ್ಕೆ ಕರೆಸಿಕೊಂಡವನು’ ಎಂದಷ್ಟೇ.

ಮಂಡಳಿಗೊಂದು ಪದ್ಧತಿ ಇತ್ತು. ಹೊಸ ಅನುವಾದವನ್ನು ಹೊರಗಿನವರಿಗೆ ಓದಿ ಹೇಳಿ, “ಏನು ಅರ್ಥ ಆಯ್ತು, ನಿಮ್ಮ ಮಾತಲ್ಲೇ ಹೇಳಿ” ಎಂದು ಕೇಳುವುದು.

ಇವತ್ತು ಬೆಳಿಗ್ಗೆ ಗಂಡ ಬಚ್ಚಲಲ್ಲಿ ಕುಸಿದುಬಿದ್ದ. ಆಸ್ಪತ್ರೆಯಲ್ಲಿ ಡಾಕ್ಟರು ಏನೇನೋ ವಿವರಿಸಿ, “ಬೇಗ ಯೋಚಿಸಿ ಹೇಳಿ, ಕಾಯೋ ಹಾಗಿಲ್ಲ” ಎಂದು ಒಳಗೆ ಹೋದರು. ಈಕೆ ಗೋಣು ಆಡಿಸಿದ್ದೇ ಆಡಿಸಿದ್ದು. ಏನು ಅರ್ಥ ಆಯ್ತು ಎಂದು ತನ್ನನ್ನೇ ಕೇಳಿಕೊಂಡರೆ ತಲೆ ಖಾಲಿ! ಡಾಕ್ಟರು ಮಾತಿಗೊಮ್ಮೆ ‘ಬಹುದು’ ಅಂದಿದ್ದು, ಅದನ್ನು ತಿದ್ದಬೇಕೆಂದು ತನಗೆ ಅನ್ನಿಸಿದ್ದು, ಅಷ್ಟೇ ನೆನಪು. ತನ್ನ ಮೇಲೆ ತನಗೇ ಅಸಹ್ಯವಾಯಿತು.

ನಾದಿನಿಯನ್ನು ಕರೆಯಬೇಕು. ಆದರೆ ಅತ್ತೆಯ ಬೀರುವಿನ ವಿಷಯಕ್ಕೆ ಜಗಳವಾಗಿ ಇಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು. ತಾನಾಗಿ ಫೋನು ಮಾಡುವುದೇ? ಡಾಕ್ಟರು ಮತ್ತೆ ಬಾಗಿಲಿನಿಂದ ಇಣುಕಿದರು. ಬಿಗುಮಾನ ನುಂಗಿಕೊಂಡು ಫೋನು ಒತ್ತಿದಳು.

“ಬರ್ತೀಯಾ?”

ಫೋನು ಚೀಲಕ್ಕೆ ಹಾಕುವಷ್ಟರಲ್ಲಿ ನಾದಿನಿ ಎದುರಿಗಿದ್ದಳು. ಹೊಲಿಗೆ ಅಂಗಡಿಯ ಅಳತೆ ಟೇಪು ಇನ್ನೂ ಕೊರಳಲ್ಲೇ ನೇತಾಡುತ್ತಿತ್ತು.

“ಸಾರ್, ಇನ್ನೊಂದ್ಸಲ ಹೇಳಿ. ನಮ್ಮತ್ತಿಗೆ ಗಾಬರೀಲಿ ಏನೂ ಕೇಳಿಸ್ಕೊಂಡಿಲ್ಲ.”

ಕೇಳಿ ಬಂದು ಈಕೆಯ ಕೈ ಹಿಡಿದಳು. “ತಲೇಲಿ ರಕ್ತ ಹೆಪ್ಪುಗಟ್ಟಿದೆಯಂತೆ. ತೆಗೆದ್ರೆ ಅಣ್ಣಂಗೆ ಮಾತು ಹೋದ್ರೂ ಹೋಗ್ಬಹುದು. ತೆಗೀದಿದ್ರೆ ಅಣ್ಣನೇ ಉಳಿಯಲ್ಲ. ಏನು ಅರ್ಥ ಆಯ್ತು, ಹೇಳಿ ಅತ್ತಿಗೆ.”

“ಮಾತಿಲ್ಲದಿದ್ರೂ ಬೇಕು ನಂಗೆ. ತೆಗೀಲಿ” ಎಂದು ಗಳಗಳನೆ ಅತ್ತಳು.

ಗಂಡನನ್ನು ಒಳಗೆ ಕರೆದೊಯ್ದರು. ಬಾಗಿಲು ಮುಚ್ಚಿತು. ಇನ್ನು ಕಾಯುವುದೊಂದೇ. ಬೆಂಚಿನ ಮೇಲೆ ಕುಳಿತ ಮೇಲೆ ಆಕೆಗೆ ಹೊಳೆಯಿತು.

“ಅಷ್ಟು ಬೇಗ ಹೇಗೆ ಬಂದೆ?”

ನಾದಿನಿ ಟೇಪು ಸುತ್ತುತ್ತಾ ತಲೆ ತಗ್ಗಿಸಿದಳು. “ನಿಮ್ಮ ಪಕ್ಕದ ಮನೆಯವರು ಬೆಳಿಗ್ಗೇನೇ ಸುದ್ದಿ ಹೇಳಿದ್ರು. ಆವಾಗಿಂದ ಕೆಳಗೆ ಗೇಟ್ ಹತ್ರಾನೇ ಕೂತಿದ್ದೆ ಅತ್ತಿಗೆ. ನೀವು ಕರೀದೆ ಹೇಗೆ ಬರ್ಲಿ?”