ಗಡಿಯಾಚೆ ಇಟ್ಟ ಮೊರ

ಶಿಕಾರಿಪುರ ತಾಲೂಕು ಮುಗಿದು ಸೊರಬ ತಾಲೂಕು ಹಿಡಿಯುವ ಕಡೆ ಒಂದು ಹಳ್ಳವಿದೆ. ಹದಿಮೂರು ವರ್ಷದಿಂದ ದೇಶ ದೇಶ ಸುತ್ತುತ್ತಿದ್ದ ಕಾಲರಾ ೧೯೭೪ರ ಮಳೆಗಾಲದಲ್ಲಿ ಆ ಹಳ್ಳದ ಮೇಲಿನ ಊರಿಗೂ ಬಂತು. ಆರು ದಿನದಲ್ಲಿ ಮೂವರು ಸತ್ತರು. ಮೂರನೆಯವಳು ಚೌಡಪ್ಪನ ತಾಯಿ ಹುಲಿಯಮ್ಮ. ಬೆಳಿಗ್ಗೆ ಗಂಜಿ ಕುಡಿದವಳು ಸಂಜೆಗೆ ಇರಲಿಲ್ಲ.

ರೋಗ ಬಂದರೆ ಗಡಿ ದಾಟಿಸುವುದು ಆ ಊರಿನ ಪದ್ಧತಿ. ಸತ್ತವರ ಬಟ್ಟೆ, ಚಾಪೆ, ಹಳೇ ಪೊರಕೆ ಮೊರದಲ್ಲಿಟ್ಟು, ಗಡಿಯಾಚೆ ಇಳಿಸಿ, ತಿರುಗಿ ನೋಡದೆ ಬರಬೇಕು. ಈ ಸಲ ಚೌಡಪ್ಪನೇ ಹೊತ್ತ. ತಾಯಿಯ ಸೀರೆಯಿದ್ದ ಮೊರವನ್ನು ಗಡಿಯಾಚೆ ಹಳ್ಳದ ಅಂಚಿಗಿಟ್ಟ. ಮಾರನೆಯ ದಿನ ಮಳೆ ಹೊಡೆದು ಹಳ್ಳ ತುಂಬಿ, ಮೊರವನ್ನು ಕೊಚ್ಚಿಕೊಂಡು ಹರಿಯಿತು.

ಮೊರ ಇಟ್ಟ ನಾಲ್ಕನೆಯ ದಿನ ಊರ ಬಾವಿಗೆ ಬ್ಲೀಚಿಂಗ್ ಪುಡಿ ಹಾಕಲು ಆರೋಗ್ಯ ಇಲಾಖೆಯ ನಜೀರ್ ಸಾಬರು ಬಂದರು. ಸತ್ತವರ ಬಟ್ಟೆ ಸುಟ್ಟಿರಾ ಎಂದು ಕೇಳಿದರು. ಚೌಡಪ್ಪನ ಹೆಂಡತಿ ಹಾಲಮ್ಮ ನಡೆದದ್ದು ಹೇಳಿದಳು.

“ಗಡಿ ದಾಟಿ ಹೋತಲ್ರೀ ಸಾಬ್ರೆ,” ಎಂದ ಚೌಡಪ್ಪ. “ಅದು ಸೊರಬ ತಾಲೂಕು. ಅವರಿಗೆ ಅವರ ಡಾಕ್ಟ್ರು ಅದಾರ.”

“ತಾಲೂಕಿನ ಗಡಿ ಕಚೇರಿಯೋರು ಮಾಡ್ಕೊಂಡಿದ್ದು ಚೌಡಪ್ನೋರೆ. ಆ ಹಳ್ಳದ ನೀರು ಯಾರು ಕುಡೀತಾರೆ?”

ಹಳ್ಳದ ಕೆಳಗಿನ ಊರಿಗೆ ಬಾವಿಯಿಲ್ಲ, ಹಳ್ಳದ ನೀರೇ ಗತಿ; ಚೌಡಪ್ಪನಿಗೆ ಗೊತ್ತಿತ್ತು. ಹೋಗಿ ಹೇಳಿದರೆ ಹೊಡೆಯುತ್ತಾರೆ, ಊರಿನ ಹೆಸರು ಕೆಡುತ್ತದೆ ಎಂದು ಹೆದರಿದ. ಇಲಾಖೆಯ ಕಾಗದ ಸೊರಬ ಮುಟ್ಟಲು ಮೂರು ದಿನ ಬೇಕೆಂದರು ಸಾಬರು.

“ಓಟು ಹಾಕಾಕ ಮೂರು ಮೈಲಿ ನಡದಿದ್ರಿ,” ಎಂದಳು ಹಾಲಮ್ಮ. “ಆ ಊರು ಒಂದೇ ಮೈಲಿ ಐತಿ.”

ಚೌಡಪ್ಪ ಸಾಬರ ಜೊತೆ ಹೊರಟ. ಅಲ್ಲಿ ಆಗಲೇ ಇಬ್ಬರು ಸತ್ತಿದ್ದರು. ಅವನು ಜನರ ಮುಂದೆ ನಿಂತು ಹೇಳಿದ: “ಮೊರ ಇಟ್ಟೋನು ನಾನೇ. ಹಳ್ಳದ ನೀರು ಕುದಿಸದೆ ಕುಡೀಬ್ಯಾಡ್ರಿ.”

ಅವನ ಮೇಲೆ ಯಾರೂ ಕೈ ಎತ್ತಲಿಲ್ಲ. ಅಂದೇ ಮಗಳನ್ನು ಮಣ್ಣು ಮಾಡಿ ಬಂದಿದ್ದ ಈಶ್ವರಮ್ಮ ಕೇಳಿದಳು: “ಮೊನ್ನೇನೇ ಬಂದು ಹೇಳೋಕೆ ಏನಾಗಿತ್ತು ಮಾರಾಯ ನಿಂಗೆ?”

ರೋಗ ಬಂದದ್ದು ಮೊರದಿಂದಲೋ, ಮಳೆಗೆ ತೊಳೆದು ಬಂದ ಹೊಲಸಿನಿಂದಲೋ, ಸಾಬರೂ ಖಚಿತವಾಗಿ ಹೇಳಲಿಲ್ಲ. ಎರಡೂ ಮೇಲಿನ ಊರಿನವೇ.

ಅಂದು ಮನೆ ಮನೆಯಲ್ಲಿ ನೀರು ಕುದಿಯಿತು. ಮಲಗಿದ್ದ ಎಂಟು ಜನರಿಗೆ ಉಪ್ಪು ಸಕ್ಕರೆಯ ನೀರು ಕುಡಿಸುತ್ತ ಗಾಡಿ ಕಟ್ಟಿ ಆಸ್ಪತ್ರೆಗೆ ಒಯ್ದರು. ಒಬ್ಬ ದಾರಿಯಲ್ಲಿ ಸತ್ತ. ಏಳು ಜನ ಉಳಿದರು. ಚೌಡಪ್ಪನ ಮನೆಯವರು ಆಮೇಲೆ ಯಾರ ಬಟ್ಟೆಯನ್ನೂ ಗಡಿಗೆ ಹೊರಲಿಲ್ಲ.

ಓದುವವರೇ, ವಾಂತಿಭೇದಿ ಕಂಡ ದಿನವೇ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ನೀರು ಕುದಿಸಿ ಕುಡಿಯಿರಿ. ರೋಗಿಯ ಬಟ್ಟೆಯನ್ನು ಕೆರೆ ಹಳ್ಳಕ್ಕೆ ಒಯ್ಯಬೇಡಿ; ಸುಡಿ, ಇಲ್ಲವೇ ಕುದಿಯುವ ನೀರಿನಲ್ಲಿ ಅದ್ದಿ. ನಿಮ್ಮ ಕೆಳಗಿನ ಊರು ಯಾವ ತಾಲೂಕಿನದೇ ಇರಲಿ, ಅಲ್ಲಿಗೆ ನೀವೇ ಹೋಗಿ ಹೇಳಿ. ಅಂದೇ ಹೇಳಿ.