ಮುಂದಿನ ಗಾಲಿಗೂ ಎಳೆತ

ಪಿಕಪ್ ಮಾರಿ ಮೂರನೆಯ ಪವರ್‌ಲೂಮ್ ತರುತ್ತೇನೆ ಎಂದು ಅಣ್ಣ ಮಹಾಂತೇಶ ಹೇಳಿದ ದಿನ ನಾನು ಊಟದ ತಾಟು ಬಿಟ್ಟು ಎದ್ದೆ. ಮೂರನೆಯ ಮಗ್ಗ ಬಂದರೆ ಅದರ ಮುಂದೆ ನಿಲ್ಲಬೇಕಾದವನು ನಾನೇ. ಒಂದು ಕೋಣೆಯೊಳಗೆ ಕೂತಿರಲಾರದೆ ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟವನು ನಾನು. ಈಗ ಇನ್ನೊಂದು ಕೋಣೆಯೊಳಗೆ, ಆ ಖಟಖಟ ಸದ್ದಿನಲ್ಲಿ, ಹರಿದ ಎಳೆಗೆ ಗಂಟು ಹಾಕುತ್ತ ದಿನವಿಡೀ ನಿಲ್ಲುವುದು ನನ್ನಿಂದ ಆಗದ ಮಾತು.

ಪಿಕಪ್ ಹಳೆಯದು. ಇಳಕಲ್ಲಿನ ಆಚೆ ಇರುವ ಗ್ರಾನೈಟ್ ಕ್ವಾರಿಗೆ ನೀರಿನ ಡ್ರಮ್ಮು, ಡೀಸೆಲ್, ಡ್ರಿಲ್ ರಾಡು ಒಯ್ಯುವುದು ನನ್ನ ಕೆಲಸ. ಬೇಸಿಗೆಯಲ್ಲಿ ತಕರಾರಿಲ್ಲ. ಮಳೆ ಬಿತ್ತೆಂದರೆ ಕಲ್ಲುಹುಡಿ ರಾಡಿಯಾಗಿ ಏರಿನಲ್ಲಿ ಹಿಂದಿನ ಎರಡೂ ಗಾಲಿ ನಿಂತಲ್ಲೇ ತಿರುಗುತ್ತವೆ. ಆಗ ಕ್ವಾರಿಯ ಮ್ಯಾನೇಜರ ಅಮೀನಪ್ಪ ಟ್ರ್ಯಾಕ್ಟರ್ ಕರೆಸುತ್ತಾನೆ. ಮಳೆಗಾಲ ಮುಗಿಯುವವರೆಗೆ ಕ್ವಾರಿಯಲ್ಲಿ ನನಗೆ ಕೆಲಸವಿಲ್ಲ.

ನಾಲ್ಕೂ ಗಾಲಿಗೆ ಎಳೆತ ಬರುವಂತೆ ಮಾಡುತ್ತೇನೆ ಎಂದೆ. ಅಣ್ಣ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು, ಜಗಳವಾದರೂ ಆಡಬಹುದಿತ್ತು.

"ಶ್ರಾವಣ ಮುಗಿಯೂದ್ರಾಗ ಕ್ವಾರಿ ಏರಿಸಿ ತೋರ್ಸು," ಎಂದ. "ಏರ್ಲಿಲ್ಲಂದ್ರ ಗಾಡಿ ಮಾರೂದು, ನೀ ಮಗ್ಗಕ್ಕ ನಿಲ್ಲೂದು."

ಗಾಡಿಯನ್ನು ಹೀಗೆ ಬದಲಿಸಿದರೆ ಆರ್‌ಟಿಒ ಕಾಗದದ ಗತಿ ಏನು ಎಂದು ಅವನ ಹೆಂಡತಿ ಗೀತಾಂಜಲಿ ವೈನಿ ಕೇಳಿದಳು. ಮೊದಲು ಏರಲಿ, ಆಮೇಲೆ ಕಾಗದ ಎಂದೆ.

ಹುನಗುಂದ ರಸ್ತೆಯಲ್ಲಿ ಜಾಫರಸಾಬರ ಗ್ಯಾರೇಜಿದೆ. ಅವರೂ ನಾನೂ ಬಾಗಲಕೋಟೆಯ ಗುಜರಿಗೆ ಹೋಗಿ, ನಮ್ಮ ಪಿಕಪ್ ಮಾಡಿದ ಕಂಪನಿಯದೇ ಒಂದು ಹಳೆಯ ಫೋರ್‌ವ್ಹೀಲ್ ಜೀಪು ಹುಡುಕಿದೆವು. ಅದರ ಮುಂದಿನ ಆಕ್ಸೆಲ್ ಬಿಚ್ಚಿ ತಂದೆವು. ಎಂಜಿನ್ನಿನ ಎಳೆತವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆಯನ್ನೂ ತಂದೆವು. ಪಿಕಪ್ಪಿನ ಮುಂಭಾಗದ ಸ್ಪ್ರಿಂಗು ಕತ್ತರಿಸಿ ತೆಗೆದು, ಚಾಸಿಗೆ ಹೊಸ ಕಬ್ಬಿಣ ಬೆಸೆದು, ಪಟ್ಟಿ ಸ್ಪ್ರಿಂಗು ಕಟ್ಟಿದೆವು. ಪೆಟ್ಟಿಗೆಯಿಂದ ಮುಂದಿನ ಆಕ್ಸೆಲ್ಲಿಗೆ ಎಳೆತ ಒಯ್ಯುವ ಶಾಫ್ಟು ಉದ್ದವಾಯಿತು, ಲೇಥಿಗೆ ಒಯ್ದು ಗಿಡ್ಡ ಮಾಡಿಸಿದೆವು. ಆಕ್ಸೆಲ್ ಹೋಗಿ ಎಂಜಿನ್ನಿನ ತಳಕ್ಕೆ ತಾಗಿತು, ಮತ್ತೆ ಎಲ್ಲ ಬಿಚ್ಚಿ ಗಾಡಿ ಎತ್ತರಿಸಿದೆವು. ನನ್ನ ಬೈಗುಳ ಕೇಳಿ ಜಾಫರಸಾಬರು ಎರಡು ಸಲ ನನ್ನನ್ನು ಚಹಾ ಕುಡಿಯಲು ಹೊರಗೆ ಕಳಿಸಿದರು.

ಮೊದಲ ದೊಡ್ಡ ಮಳೆ ಬಿದ್ದ ಮರುದಿನವೇ ಗಾಡಿಯನ್ನು ಕಮತಗಿಗೆ ಒಯ್ದು ಸೋದರಮಾವ ತಿಮ್ಮಣ್ಣನ ಎರೆಹೊಲಕ್ಕೆ ಇಳಿಸಿದೆ. ಅದೇ ಹೊಲದಲ್ಲಿ ನನ್ನ ಗಾಡಿ ಹುಗಿದಾಗಲೆಲ್ಲ ಮಾವ ಎತ್ತು ಹೂಡಿ ಎಳೆದು, ಊರೆಲ್ಲ ಹೇಳಿಕೊಂಡು ಬರುತ್ತಿದ್ದ. ಈ ಸಲ ಮುಂದಿನ ಗಾಲಿಗೂ ಎಳೆತ ಕೊಡುವ ಲಿವರ್ ಹಾಕಿದೆ. ಗಾಡಿ ಎಲ್ಲೂ ನಿಲ್ಲದೆ ಆಚೆಯ ಬದುವಿನವರೆಗೆ ಹೋಗಿ ತಿರುಗಿ ಬಂತು. "ನನ್ನ ಎತ್ತಿಗೆ ಸೂಟಿ ಸಿಕ್ತ ನೋಡು," ಎಂದ ಮಾವ.

ಆ ಧೈರ್ಯದಲ್ಲೇ ಅಣ್ಣನನ್ನು ಕ್ವಾರಿಗೆ ಕರೆದೆ. ಮಗ್ಗ ನಿಲ್ಲಿಸಿ ಬಂದ. ಏರಿನ ಕೆಳಭಾಗ ಬರಿ ಕಲ್ಲು, ಒಣಗಿತ್ತು. ರಾಡಿ ಇದ್ದದ್ದು ಮೇಲಿನ ತಿರುವಿನಲ್ಲಿ. ನಾನು ಕೆಳಗೇ ಲಿವರ್ ಹಾಕಿ ಬಿಟ್ಟೆ. ಸ್ವಲ್ಪ ದೂರ ಹೋಗುವುದರೊಳಗೆ ಸ್ಟೇರಿಂಗು ಕಲ್ಲಿನಂತೆ ಬಿಗಿಯಿತು. ಎಂಜಿನ್ ಒದರುತ್ತಿದೆ, ಗಾಡಿ ಮಾತ್ರ ಯಾರೋ ಹಿಡಿದು ಜಗ್ಗಿದಂತೆ ಮುಂದೆ ಹೋಗದು. ಇನ್ನಷ್ಟು ಒತ್ತಿದೆ. ಕೆಳಗೆ ಧಡ್ ಎಂದಿತು. ಮುಂದಿನ ಶಾಫ್ಟಿನ ತುದಿಯ ಕೀಲು, ಅಂದರೆ ಕ್ರಾಸ್, ತುಂಡಾಗಿತ್ತು. ರಾಡಿಯ ತನಕವೂ ಹೋಗಿರಲಿಲ್ಲ.

"ಮೊದಲ ಎರಡ ಗಾಲಿ ಸೋಲ್ತಿದ್ವು," ಎಂದ ಅಮೀನಪ್ಪ. "ಈಗ ನಾಕೂ ಸೋತಾವ."

ಗಾಡಿ ಇಳಿದು, ಕೈಗೆ ಸಿಕ್ಕ ಪಾನಾ ಬೀಸಿ ಕ್ವಾರಿಯ ಗುಂಡಿಗೆ ಒಗೆದೆ. ಅಣ್ಣ ಗಾಡಿಯ ಕೆಳಗೆ ತೂರಿ ಬಹಳ ಹೊತ್ತು ನೋಡಿದ. ಹೊರಬಂದು ಅಂಗೈ ಒರೆಸಿಕೊಂಡ.

"ಮುಂದಿಂದೂ ಹಿಂದಿಂದೂ ಒಂದ ಲೆಕ್ಕದಾಗ ತಿರಗ್ತಾವೇನು?"

"ಎರಡೂ ಒಂದ ಕಂಪನೀವು. ತಿರಗದ ಏನ್ ಮಾಡ್ತಾವ?"

"ನನ್ನ ಮಗ್ಗ ಎರಡೂ ಒಂದ ಕಂಪನೀವ ಲೇ. ಒಳಗಿನ ಗೇರ್ ಬ್ಯಾರೆ ಬ್ಯಾರೆ ಅದಾವ. ಬೀಮ್ ಎಳಿ ಬಿಡೂದು ಸಾವಕಾಶ, ರೋಲರ್ ಸೀರಿ ಸುತ್ತೂದು ಜೋರ ಆತಂದ್ರ ಏನ್ ಆಗ್ತೈತಿ?"

ಎಳೆ ಹರಿಯುತ್ತದೆ. ಅದು ನನಗೂ ಗೊತ್ತಿತ್ತು.

ಗಾಡಿಯನ್ನು ಗ್ಯಾರೇಜಿಗೆ ಎಳೆಸಿ ಹೊಸ ಕ್ರಾಸ್ ಹಾಕಿದೆವು. ಒಂದು ಬದಿಯ ಎರಡೂ ಗಾಲಿ ಜಾಕಿನ ಮೇಲೆ ಎತ್ತಿ, ಸುಣ್ಣದಿಂದ ಗುರುತು ಮಾಡಿ, ಲಿವರ್ ಹಾಕಿ, ಅಣ್ಣ ಹಿಂದಿನ ಗಾಲಿಯನ್ನು ಕೈಯಿಂದ ತಿರುಗಿಸಿದ. ಹಿಂದಿನದು ಹತ್ತು ಸುತ್ತು ಮುಗಿಸಿದಾಗ ಮುಂದಿನದು ಒಂಬತ್ತು ಸುತ್ತಿ ನಿಂತಿತು. ಎರೆಹೊಲದಲ್ಲಿ ಗಾಲಿ ಜಾರುತ್ತಿದ್ದುದರಿಂದ ಆ ಒಂದು ಸುತ್ತು ಮಣ್ಣಿನಲ್ಲೇ ಹೋಗಿತ್ತು. ಒಣ ಕಲ್ಲಿನ ಮೇಲೆ ಜಾರಲು ಜಾಗವಿಲ್ಲ, ಕಬ್ಬಿಣ ಮುರಿಯಿತು. ಜಾಫರಸಾಬರು ಹಣೆ ಹಿಡಿದುಕೊಂಡರು. ಅವರ ಕೈಗೆ ಬಂದ ಜೀಪೆಲ್ಲ ಕಂಪನಿಯಿಂದಲೇ ಜೋಡಿಯಾಗಿ ಬಂದವು, ಎಣಿಸುವ ಪ್ರಸಂಗವೇ ಬಂದಿರಲಿಲ್ಲ.

ಗಾಡಿ ಏರಲಿಲ್ಲ, ಮಾತಿನ ಪ್ರಕಾರ ಮಾರಬಹುದಿತ್ತು. ಅಣ್ಣ, ಶ್ರಾವಣ ಇನ್ನೂ ಐತಿ ಎಂದಷ್ಟೇ ಹೇಳಿ ಮಗ್ಗಕ್ಕೆ ಹೋದ.

ಆ ಜೀಪಿನ ಹಿಂದಿನ ಆಕ್ಸೆಲ್ ಗುಜರಿಯಲ್ಲೇ ಬಿದ್ದಿತ್ತು. ಅದರ ಹಲ್ಲುಗಾಲಿ ತಂದು ನಮ್ಮ ಹಿಂದಿನ ಆಕ್ಸೆಲ್ಲಿಗೆ ಕೂಡಿಸಿದರೆ ನಾಲ್ಕೂ ಗಾಲಿಯ ಲೆಕ್ಕ ಒಂದಾಗುತ್ತದೆ. ಆದರೆ ಜೀಪಿನ ಹಲ್ಲು ನಿಧಾನದ್ದು, ಗಾಡಿಯ ಓಟ ಹೋಗುತ್ತದೆ. ಡಾಂಬರು ರಸ್ತೆಯಲ್ಲಿ ಅರವತ್ತು ದಾಟಿದರೆ ಎಂಜಿನ್ ಕೂಗುತ್ತದೆ. ಆಗೊಮ್ಮೆ ಈಗೊಮ್ಮೆ ಹುಬ್ಬಳ್ಳಿಗೆ ಅಣ್ಣನ ಸೀರೆ ಗಂಟು ಒಯ್ಯುವಾಗ ಕಿಟಕಿ ಇಳಿಸಿ ಓಡಿಸುವುದಕ್ಕೆಂದೇ ನಾನು ಈ ಗಾಡಿಯನ್ನು ಇಟ್ಟುಕೊಂಡಿದ್ದು. ಹಾಕೂದೇನು ಎಂದು ಜಾಫರಸಾಬರು ಕೇಳಿದರು. ಹಾಕ್ರಿ ಎಂದೆ. ಹೇಳುವಾಗ ಮೈಯೆಲ್ಲ ಉರಿಯುತ್ತಿತ್ತು.

ಮುಂದಿನ ಮಳೆಯಲ್ಲಿ ಡ್ರಮ್ಮು ತುಂಬಿಕೊಂಡು ಹೋದೆ. ನಾನು ಕರೆಯದಿದ್ದರೂ ಅಣ್ಣ ಬಂದು ಪಕ್ಕದಲ್ಲಿ ಕೂತ. ಕಲ್ಲಿನ ಮೇಲೆ ಸ್ಟೇರಿಂಗು ಸ್ವಲ್ಪ ಭಾರ, ಅಷ್ಟೇ. ತಿರುವಿನ ರಾಡಿಯಲ್ಲಿ ಹಿಂದಿನ ಗಾಲಿ ಜಾರಿದವು, ಮುಂದಿನವು ಎಳೆದುಕೊಂಡವು. ಎತ್ತಿನ ನಡಿಗೆಯಲ್ಲಿ ಗಾಡಿ ಮೇಲೆ ಮುಟ್ಟಿತು. ಅಮೀನಪ್ಪ ಬಂದು ಡ್ರಮ್ಮು ಎಲ್ಲಿ ಇಳಿಸಬೇಕೆಂದು ಕೈ ತೋರಿಸಿ ಹೋದ.

"ಇಷ್ಟೆಲ್ಲಾ ನಿನಗ ತಿಳಿತಿತ್ತಂದ್ರ ಮೊದಲ ಹೇಳಾಕ ಏನಾಗಿತ್ತು?" ಎಂದು ಅಣ್ಣನ ಮೇಲೆ ಹರಿಹಾಯ್ದೆ.

"ಗಾಡಿ ಹತ್ರ ನನ್ನ ಬಿಟ್ಕೊಂಡಿದ್ದೇನು? ಮಗ್ಗದ ಖೋಲಿಗೆ ನೀ ಬಂದಿದ್ದೇನು?"

ಉತ್ತರಕ್ಕೆ ಕಾಯದೆ ಇಳಿದು, ಪ್ಯಾಂಟು ಮೊಣಕಾಲಿಗೆ ಮಡಚಿ, ಡ್ರಮ್ಮಿನ ಒಂದು ಬದಿಗೆ ಕೈ ಹಾಕಿದ. ನನ್ನ ಸಿಟ್ಟು ಇಳಿದಿರಲಿಲ್ಲ. ಇನ್ನೊಂದು ಬದಿ ಹಿಡಿದೆ.