ಟಗರಿಗೆ ಗೊತ್ತಿದ್ದ ಹೆಗಲು

ತೊಫೊಲ್‌ನ ಬರಿಗಾಲಿನ ಮೇಲೆ ಕೆಂಪು ಬಣ್ಣದಲ್ಲಿ ಶಿಲುಬೆ ಬರೆಯುವಾಗ ಎರಡು ಸಲ ಗೆರೆ ತಪ್ಪಿ ಒರೆಸಿದೆ.

'ಹೆದರ್ಬೇಡ್ವೇ ಆಗೆದಾ. ಸಂಜೆವರೆಗೂ ಟಗರನ್ನ ಇಳಿಸೋ ಮಾತೇ ಇಲ್ಲ,' ಅಂದ ನನ್ನ ಗಂಡ.

ಸಂತ ಜುವಾನನ ಹಬ್ಬಕ್ಕೆ ಮುಂಚಿನ ಭಾನುವಾರ ನಮ್ಮ ಸಿಯುತಾದೆಯಾ ಊರಿನಲ್ಲಿ ಒಬ್ಬ ರೈತ ಬರಿಗಾಲಿಗೆ ಶಿಲುಬೆ ಬರೆಸಿಕೊಂಡು, ಕುರಿಚರ್ಮ ಹೊದ್ದು, ಜೀವಂತ ಟಗರನ್ನು ಹೆಗಲ ಮೇಲೆ ಹೊತ್ತು, ಮನೆಮನೆಗೆ ಹೋಗಿ ಹಬ್ಬಕ್ಕೆ ಕರೆಯುತ್ತಾನೆ. ಸಂಜೆಯವರೆಗೂ ಟಗರಿನ ಗೊರಸು ನೆಲಕ್ಕೆ ತಾಗಬಾರದು. ನಲವತ್ತು ವರ್ಷದ ಹಿಂದೆ ನನ್ನ ಮಾವ ಹೊತ್ತಿದ್ದರು. ಕಮಾನುಬೀದಿಯ ಮೂಲೆಯಲ್ಲಿ ಟಗರು ಒದ್ದಾಡಿದಾಗ ಕೆಳಗಿಳಿಸಿಬಿಟ್ಟರು. ಅಂದಿನಿಂದ ನಮ್ಮದು 'ಇಳಿಸಿದವರ ಮನೆ'. ಈ ದ್ವೀಪದಲ್ಲಿ ಮನೆಗೆ ಒಮ್ಮೆ ಅಡ್ಡಹೆಸರು ಬಿತ್ತೆಂದರೆ ಮಕ್ಕಳಿಗೂ ಅದೇ. ಶಾಲೆಯಲ್ಲಿ ನನ್ನ ಮಗಳನ್ನು ಕರೆಯುವುದೂ ಹಾಗೆಯೇ.

ಈ ಸಲ ಆ ಹೆಸರು ಅಳಿಯಬೇಕಿತ್ತು. ಅದಕ್ಕೆ ಅಡ್ಡಿಯಾಗಬಹುದಾದದ್ದು ಒಂದೇ, ಮತ್ತು ಅದು ನನಗೆ ಮಾತ್ರ ತಿಳಿದಿತ್ತು.

ಟಗರಿಗೆ ಹೆಗಲು ಅಭ್ಯಾಸವಾಗಬೇಕೆಂದರೆ ಎರಡು ತಿಂಗಳು ದಿನವೂ ಹೊರಬೇಕು. ಆ ಎರಡು ತಿಂಗಳೂ ತೊಫೊಲ್ ಹುಲ್ಲು ಕೊಯ್ಲಿನಲ್ಲಿದ್ದ. 'ನಡೀತಿದ್ಯಾ?' ಎಂದು ಕೇಳುತ್ತಿದ್ದ. 'ನಡೀತಿದೆ,' ಎನ್ನುತ್ತಿದ್ದೆ. ಸುಳ್ಳಲ್ಲ, ಯಾರು ಹೊರುತ್ತಿದ್ದಾರೆಂದು ಅವನು ಕೇಳಲೇ ಇಲ್ಲ. ಚೀಸ್ ಹಿಂಡಿ ಮುಗಿಸಿ, ಹಿಂಡಿದ ಒದ್ದೆ ಬಟ್ಟೆಯನ್ನೇ ಕತ್ತಿಗೆ ಸುತ್ತಿಕೊಂಡು, ಅಂಗಳದಲ್ಲಿ ಟಗರನ್ನು ಹೊತ್ತು ಸುತ್ತಿದವಳು ನಾನು. ಭಾನುವಾರಗಳಲ್ಲಿ ಅವನು ಹೊರುವ ಹೊತ್ತಿಗೆ ಮೇವು ತಿಂದು ಅದಕ್ಕೆ ತೂಕಡಿಕೆ. ಹಾಗಾಗಿ ಟಗರಿಗೆ ತನ್ನ ಹೆಗಲು ಗೊತ್ತಿಲ್ಲವೆಂಬ ಅನುಮಾನ ಅವನಿಗೆ ಬರಲಿಲ್ಲ. ಹೇಳಬೇಕಿತ್ತು, ಅವನ ಉತ್ಸಾಹ ನೋಡಿ ಬಾಯಿ ಬರಲಿಲ್ಲ. ಮೆರವಣಿಗೆಗೆ ಹೊರಡುವಾಗ ಆ ದಿನದ ಚೀಸ್ ಬಟ್ಟೆಯನ್ನು ತೊಳೆಯದೆ ಬುಟ್ಟಿಯ ತಳಕ್ಕೆ ಹಾಕಿಕೊಂಡೆ.

ಹನ್ನೊಂದು ಮನೆಗಳವರೆಗೆ ಏನೂ ಆಗಲಿಲ್ಲ. ಮುಂದೆ ನಿಕೊಲಾವ್ ಮುದುಕ ಕೊಳಲು, ತಮಟೆ ಎರಡನ್ನೂ ಒಬ್ಬನೇ ನುಡಿಸುತ್ತಿದ್ದ. ನಾನು ಟಗರಿನ ಕಿವಿಗಳನ್ನೇ ನೋಡುತ್ತಾ ಜನರ ಸಂದಿಯಲ್ಲಿ ನಡೆಯುತ್ತಿದ್ದೆ. ಕಮಾನುಬೀದಿಗೆ ಬಂದಾಗ ಪ್ರವಾಸಿಗರು ಫೋನು ಹಿಡಿದು ಮುಗಿಬಿದ್ದರು. ಟಗರಿನ ಕಿವಿಗಳು ಹಿಂದಕ್ಕೆ ಮಡಚಿಕೊಂಡವು. ಮರುಕ್ಷಣವೇ ಅದು ಕಾಲು ಝಾಡಿಸಿತು. ಗೊರಸು ತಾಗಿ ತೊಫೊಲ್‌ನ ಕೆನ್ನೆಯಲ್ಲಿ ರಕ್ತ ಬಂತು.

'ಲೋ ತೊಫೊಲ್, ನಿಮ್ಮಪ್ಪನ ಮೂಲೆ ಬಂತು ಕಣೋ!' ಎಂದು ಯಾರೋ ಕೂಗಿದರು. ಜನ ನಕ್ಕರು.

ತೊಫೊಲ್ ಹಲ್ಲು ಕಚ್ಚಿ ನಿಂತಿದ್ದ. ಟಗರಿನ ಹಿಂಗಾಲು ಅವನ ಹಿಡಿತದಿಂದ ಜಾರುತ್ತಿತ್ತು. ಮೆರವಣಿಗೆಯ ಸಾಲಿನೊಳಗೆ ಹೆಂಗಸರು ಕಾಲಿಟ್ಟದ್ದನ್ನು ನಾನು ನೋಡಿಲ್ಲ. ಬುಟ್ಟಿಗೆ ಕೈ ಹಾಕಿ, ಬಟ್ಟೆ ತೆಗೆದು, ನೇರ ಅವನೆದುರು ಹೋಗಿ ನಿಂತೆ.

'ತಲೆ ಬಗ್ಸು.'

'ಏನೇ ಇದು? ಥೂ, ನಾತ!'

'ಅದಕ್ಕೆ ಗೊತ್ತಿರೋ ನಾತ. ಎರಡು ತಿಂಗಳು ಹೊತ್ತಿದ್ದು ನಾನು. ಬಗ್ಗು ಅಂದ್ರೆ ಬಗ್ಗು!'

ನನ್ನ ದನಿ ಅಷ್ಟು ಜೋರಾದದ್ದು ನನಗೇ ಆಶ್ಚರ್ಯ. ಬೀದಿಗೆಲ್ಲ ಕೇಳಿಸಿತು. ತೊಫೊಲ್ ನನ್ನ ಮುಖ ನೋಡಿದ. ಅವನ ಕಿವಿ ಕೆಂಪಾಯಿತು. ಆಮೇಲೆ ಬಗ್ಗಿದ.

ಕುರಿಚರ್ಮದ ಮೇಲೆ ಬಟ್ಟೆ ಸುತ್ತಿ ಗಂಟು ಹಾಕಿದೆ. ಟಗರು ಮೂಸಿತು, ಮತ್ತೊಮ್ಮೆ ಮೂಸಿತು, ಬಟ್ಟೆಯ ಅಂಚನ್ನು ಬಾಯಿಗೆ ತೆಗೆದುಕೊಂಡು ಅವನ ಭುಜಕ್ಕೆ ಗದ್ದ ಊರಿತು.

'ಬಟ್ಟೆ ಬದ್ಲು ಹೆಂಡ್ತೀನೇ ಕತ್ತಿಗೆ ಸುತ್ಕೊಂಡು ಬಂದಿದ್ರೆ ಆಗ್ತಿತ್ತಲ್ಲೋ!' ಅಂದ ನಿಕೊಲಾವ್.

'ನೀನು ಊದು ತಾತ, ಬಿಸಿಲೇರ್ತಿದೆ,' ಅಂದ ತೊಫೊಲ್. ನನ್ನ ಕಡೆ ತಿರುಗದೆಯೇ, 'ಪಕ್ಕದಲ್ಲೇ ನಡಿ,' ಅಂದ.

ನಡೆದೆ. ಮಧ್ಯಾಹ್ನದ ಕಲ್ಲುಹಾಸು ಕಾವಲಿಯಂತಿತ್ತು. ಅವನ ಪಾದದ ಬೊಬ್ಬೆಗಳು ಒಡೆದು ಶಿಲುಬೆಯ ಕೆಂಪೂ ರಕ್ತವೂ ಒಂದಾದವು. ಬಟ್ಟೆ ಒಣಗಿದಾಗಲೆಲ್ಲ ನೀರು ಚಿಮುಕಿಸಿದೆ. ಅವನು ನಿಲ್ಲಲಿಲ್ಲ, ನಾನು ನಿಲ್ಲು ಎನ್ನಲಿಲ್ಲ.

ಕೊನೆಯ ಮನೆ ನಮ್ಮದೇ. ಮಾವ ಬಾಗಿಲಲ್ಲಿ ಕಾಯುತ್ತಿದ್ದರು. ಮಗನ ಹೆಗಲಿನಿಂದ ಇಳಿಬಿದ್ದಿದ್ದ ಗೊರಸುಗಳನ್ನು ಒಂದೊಂದಾಗಿ ಹಿಡಿದು ಹೆಬ್ಬೆರಳಿನಿಂದ ಉಜ್ಜಿದರು. ಬೆಳಿಗ್ಗೆ ನಾನು ಹಚ್ಚಿದ್ದ ಎಣ್ಣೆ ಹಾಗೇ ಹೊಳೆಯುತ್ತಿತ್ತು.

'ಧೂಳೇ ಇಲ್ಲ,' ಅಂದರು.

'ಹಾಗಾದ್ರೆ ಇನ್ಮೇಲೆ ಚೀಸ್‌ಬಟ್ಟೆಯವರ ಮನೆ!' ಎಂದ ನಿಕೊಲಾವ್.

ಮಾವ ನಾಲ್ಕನೆಯ ಗೊರಸನ್ನು ಇನ್ನೂ ಬಿಟ್ಟಿರಲಿಲ್ಲ. 'ಅದನ್ನೇ ಜೋರಾಗಿ ಹೇಳು,' ಅಂದರು. 'ಬೀದಿಗೆಲ್ಲ ಕೇಳ್ಲಿ.'